ಅಪ್‌ಡೇಟ್: 55ರಲ್ಲಿ ಬಿಲ್ಲು ಹಿಡಿದೆ, ಮೊದಲ ಜಿಂಕೆ ಸಿಕ್ಕಿತು

ಹೋದ ವರ್ಷ ಕೇಳಿದ್ದೆ, ಈ ವಯಸ್ಸಿನಲ್ಲಿ, ಭುಜದ ನೋವು ಬೇರೆ ಇಟ್ಟುಕೊಂಡು, ಬಿಲ್ಲಿನಲ್ಲಿ ಜಿಂಕೆ ಬೇಟೆ ಕಲಿಯಬಹುದಾ ಅಂತ. ಧೈರ್ಯ ಹೇಳಿದವರಿಗೆಲ್ಲ ಥ್ಯಾಂಕ್ಸ್. ಕಲಿತೆ.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ. ಇಲ್ಲಿ ಜಿಂಕೆ ಬೇಟೆಗೆ ಕನಿಷ್ಠ 30 ಪೌಂಡ್ ಎಳೆತದ (ಹೆದೆ ಎಳೆಯಲು ಬೇಕಾದ ಬಲ) ಬಿಲ್ಲು ಬೇಕು. ನಾನು 40ಕ್ಕೆ ಇಟ್ಟುಕೊಂಡೆ. ನನ್ನದು ತುದಿಗಳಲ್ಲಿ ರಾಟೆಯಿರುವ ಕಾಂಪೌಂಡ್ ಬಿಲ್ಲು, ಅದನ್ನು ಪೂರ್ತಿ ಎಳೆದ ಮೇಲೆ ಕೈಗೆ ಭಾರ ತುಂಬಾ ಕಡಿಮೆ, ಹಾಗಾಗಿ ಭುಜ ತಡೆದುಕೊಂಡಿತು. 1973ಕ್ಕೆ ಮುಂಚೆ ಹುಟ್ಟಿದವರಿಗೆ ಇಲ್ಲಿ ಬೇಟೆಯ ಕೋರ್ಸ್ ಕಡ್ಡಾಯವಲ್ಲ, ಆದರೂ ಮಾಡಿದೆ. ನೀವೂ ಮಾಡಿ. ಬೇಸಿಗೆಯಿಡೀ ದಿನಾ 30 ಬಾಣ, 20 ಗಜದಿಂದ.

ಅಕ್ಟೋಬರ್ ಕೊನೆಯ ಒಂದು ಸಂಜೆ, ಮೈಗೆ ಬೆಲ್ಟ್ ಬಿಗಿದು ಮರದ ಅಟ್ಟಣೆಯಲ್ಲಿ ಕೂತಿದ್ದಾಗ, ಹೆಣ್ಣು ಜಿಂಕೆಯೊಂದು ಓಕ್ ಮರದ ಕೆಳಗೆ ಬಂದು ಕಾಯಿ ಮೆಲ್ಲತೊಡಗಿತು, ಕಿವಿ ಮಾತ್ರ ಆ ಕಡೆ ಈ ಕಡೆ ತಿರುಗುತ್ತಿತ್ತು. ಅದು ಪಕ್ಕೆ ನನ್ನ ಕಡೆ ಮಾಡಿ ಅಡ್ಡ ನಿಲ್ಲುವವರೆಗೂ ಕಾದೆ. ಬಾಣ ಬಿಟ್ಟ ಮೇಲೆ ಅರ್ಧ ಗಂಟೆ ಇಳಿಯಲಿಲ್ಲ. ಅವಸರ ಮಾಡಿದರೆ ಗಾಯಗೊಂಡದ್ದು ಇನ್ನೂ ದೂರ ಓಡುತ್ತದೆ, ಅಲ್ವಾ. ಆಮೇಲೆ ಎಲೆಗಳ ಮೇಲಿನ ರಕ್ತದ ಜಾಡು ಹಿಡಿದು ಹೋದೆ. ಎಂಬತ್ತು ಹೆಜ್ಜೆ. ಇನ್ನೂ ಬಿಸಿಯಿದ್ದ ಕುತ್ತಿಗೆ ಮೇಲೆ ಕೈಯಿಟ್ಟು ಸುಮ್ನೆ ಕೂತೆ, ಕಣ್ಣು ತುಂಬಿ ಬಂತು.

ಅರ್ಧ ಮಾಂಸ ಪಕ್ಕದ ಮನೆಗೆ. ಉಳಿದದ್ದಕ್ಕೆ ಊರಿಂದ ತಂದಿದ್ದ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಕಾಳುಮೆಣಸು ಹಾಕಿದೆ.