ಜಾನ್ ಹಾರ್ಟ್ ಸಹಿಯಿರುವ 1776ರ ನೋಟನ್ನು ಕೊಳ್ಳಬಹುದೇ?

ಪ್ರಶ್ನೆ:
ನಾನು ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇನೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಮಾಡಿದ 56 ಮಂದಿಯಲ್ಲಿ ಒಬ್ಬರ ಹಸ್ತಾಕ್ಷರವಾದರೂ ನನ್ನ ಬಳಿ ಇರಬೇಕೆಂಬುದು ಬಹುಕಾಲದ ಆಸೆ. ಜೆಫರ್ಸನ್, ಫ್ರಾಂಕ್ಲಿನ್ ಅವರ ಪತ್ರಗಳ ಬೆಲೆ ನನ್ನ ಅಳವಿಗೆ ಮೀರಿದ್ದು. ವ್ಯಾಪಾರಿಯೊಬ್ಬರು, ಆ 56 ಮಂದಿಯಲ್ಲಿ ಒಬ್ಬರಾದ ಜಾನ್ ಹಾರ್ಟ್ ಸಹಿಯಿರುವ ನ್ಯೂಜೆರ್ಸಿಯ ಹಳೆಯ ನೋಟೊಂದನ್ನು ತೋರಿಸಿದ್ದಾರೆ. ಕೊಳ್ಳುವ ಮುನ್ನ ಏನನ್ನು ಪರೀಕ್ಷಿಸಬೇಕು?

ಉತ್ತರ 1:
ಆರಂಭಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ. 1776ರ ಮಾರ್ಚ್ 25ರ ದಿನಾಂಕವಿರುವ ಈ ನೋಟುಗಳನ್ನು ಬರ್ಲಿಂಗ್ಟನ್ನಿನಲ್ಲಿ ಐಸಾಕ್ ಕಾಲಿನ್ಸ್ ಮುದ್ರಿಸಿದರು. ನಕಲಿ ನೋಟುಗಳ ಹಾವಳಿ ತಡೆಯಲು ಪ್ರತಿಯೊಂದಕ್ಕೂ ಮೂವರು ಕೈಯಾರೆ ಸಹಿ ಹಾಕಬೇಕಿತ್ತು. ಹೋಪ್‌ವೆಲ್ಲಿನ ರೈತ ಹಾರ್ಟ್ ಹೀಗೆ ಮತ್ತೆ ಮತ್ತೆ ಹೆಸರು ಬರೆದದ್ದರಿಂದಲೇ ಅವರ ಸಹಿ ಇಂದಿಗೂ ನಮ್ಮಂಥವರ ಕೈಗೆಟುಕುತ್ತದೆ. ಇದಕ್ಕೆ ವಿರುದ್ಧವಾಗಿ, ಘೋಷಣೆಗೆ ಸಹಿ ಮಾಡಿದ ಇನ್ನೊಬ್ಬರಾದ ಜಾರ್ಜಿಯಾದ ಬಟನ್ ಗ್ವಿನೆಟ್ 1777ರಲ್ಲಿ ದ್ವಂದ್ವಯುದ್ಧದ ಗಾಯದಿಂದ ತೀರಿಕೊಂಡರು. ಅವರ ಸಹಿಗಳು ಐವತ್ತರ ಆಸುಪಾಸಿನಲ್ಲಷ್ಟೇ ಉಳಿದಿವೆ.

ಎಲ್ಲ ನೋಟುಗಳಲ್ಲೂ ಹಾರ್ಟ್ ಸಹಿ ಇರುವುದಿಲ್ಲ, ಮೂರು ಹೆಸರುಗಳನ್ನೂ ಓದಿ ನೋಡಿ. ಬಳಿಕ ಭೂತಗನ್ನಡಿಯಲ್ಲಿ ಶಾಯಿಯನ್ನು ಗಮನಿಸಿ. ಆಗಿನ ಶಾಯಿಯನ್ನು ಮಾಚಿಕಾಯಿ ಮತ್ತು ಕಬ್ಬಿಣದ ಲವಣದಿಂದ ತಯಾರಿಸುತ್ತಿದ್ದರು; ಅದು ಕಾಗದದ ನಾರಿನೊಳಗೆ ಇಳಿದು, ಕಾಲಕ್ರಮದಲ್ಲಿ ಸಾಮಾನ್ಯವಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಸಹಿ ಮಡಿಕೆಯನ್ನು ದಾಟುವ ಕಡೆಯಲ್ಲಿ ಶಾಯಿ ಸೀಳಿನೊಳಕ್ಕೆ ಹರಡಿಕೊಂಡಿದ್ದರೆ, ಕಾಗದ ಹಳತಾಗಿ ಮಡಿಕೆ ಬಿದ್ದ ಮೇಲೆ ಬರೆದದ್ದೆಂದು ಅನುಮಾನಿಸಬೇಕು.

ಉತ್ತರ 2:
ಕಾಗದ ಹಳೆಯದೆಂಬ ಒಂದೇ ಕಾರಣಕ್ಕೆ ನಂಬಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ವಾಷಿಂಗ್ಟನ್ ಅವರ ಕೈಬರಹವನ್ನು ಅನುಕರಿಸಿ ಮಾರುತ್ತಿದ್ದ ರಾಬರ್ಟ್ ಸ್ಪ್ರಿಂಗ್, ಹಳೆಯ ಪುಸ್ತಕಗಳ ಖಾಲಿ ಹಾಳೆಗಳನ್ನೇ ಬಳಸುತ್ತಿದ್ದ.

ಹೆಸರಿನ ಬಗ್ಗೆಯೂ ಎಚ್ಚರವಿರಲಿ. ಆಲಿವರ್ ವಾಲ್ಕಾಟ್ ಸಹಿಯೆಂದು ನಾನು ಕೊಂಡ ಕನೆಕ್ಟಿಕಟ್‌ನ ಯುದ್ಧಕಾಲದ ಪಾವತಿ ಆದೇಶ, ಘೋಷಣೆಗೆ ಸಹಿ ಹಾಕಿದ ತಂದೆಯದಾಗಿರದೆ, ಅದೇ ಹೆಸರಿನ ಮಗನದಾಗಿತ್ತು. ಮಗ ಮುಂದೆ ದೇಶದ ಖಜಾನೆ ಕಾರ್ಯದರ್ಶಿಯಾದವರು, ಆದ್ದರಿಂದ ಕಾಗದಕ್ಕೆ ಬೆಲೆಯಿಲ್ಲವೆಂದಲ್ಲ. ಆದರೂ ನಾನು ಹುಡುಕುತ್ತಿದ್ದುದು ತಂದೆಯ ಸಹಿಯನ್ನು.

ಉತ್ತರ 3:
ಕೊಂಡ ಮೇಲೆ ಲ್ಯಾಮಿನೇಷನ್ ಮಾಡಿಸಬೇಡಿ, ಟೇಪ್ ಅಂಟಿಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿಯನ್ನು 1841ರಿಂದ ಸುಮಾರು 35 ವರ್ಷ ಪೇಟೆಂಟ್ ಕಚೇರಿಯ ಕಟ್ಟಡದಲ್ಲಿ ಕಿಟಕಿಯ ಎದುರಿಗೇ ಇಟ್ಟಿದ್ದರು. ಇಂದು ಅದರ ಬಹುತೇಕ ಸಹಿಗಳು ಕಣ್ಣಿಗೆ ಕಾಣದಷ್ಟು ಮಾಸಿವೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನೋಟಿನ ನಡುಮಡಿಕೆ ಸರಿಯಾಗಿ ಹಾರ್ಟ್ ಹೆಸರಿನ ಮೇಲೆಯೇ ಹಾದುಹೋಗಿದೆ. ಶನಿವಾರ ಭೂತಗನ್ನಡಿಯೊಂದಿಗೆ ಹೋಗಿ ನೋಡಿ, ಕಂಡದ್ದನ್ನು ಇಲ್ಲಿ ಬರೆಯುತ್ತೇನೆ.