ಸಹಾಯ ಬೇಕು: ಐನ್‌ಮನೆಯ (ಕೊಡವ ಕುಟುಂಬದ ಹಿರಿಯರ ಮನೆಯ) ಅಳತೆ ತೆಗೆಯಲು ಯಾರಾದರೂ ಬಿಡುತ್ತೀರಾ?

ಎಲ್ಲರಿಗೂ ನಮಸ್ಕಾರ. ನಾನು ಆರ್ಕಿಟೆಕ್ಚರ್ ವಿದ್ಯಾರ್ಥಿನಿ, ಊರು ವಿರಾಜಪೇಟೆ ಕಡೆ. ಈ ಸೆಮಿಸ್ಟರ್‌ಗೆ ಕಾಫಿ ತೋಟದೊಳಗೆ ಸಣ್ಣ ಹೋಂಸ್ಟೇ ಡಿಸೈನ್ ಮಾಡಬೇಕು, ಇಂಟೀರಿಯರ್ ಕೂಡ ಸೇರಿ. ನಾನು ರೂಮುಗಳಿಂದ ಶುರು ಮಾಡುವುದಿಲ್ಲ, ಮಳೆ ಯಾವ ಕಡೆಯಿಂದ ಹೊಡೆಯುತ್ತದೆ, ನೀರು ಎಲ್ಲಿ ಇಳಿದು ಹೋಗುತ್ತದೆ ಅಂತ ಮೊದಲು ಕೈಯಲ್ಲೇ ಸ್ಕೆಚ್ ಹಾಕಿಕೊಳ್ಳುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದದ್ದನ್ನು ನೋಡಿದ ಮೇಲೂ ಇಳಿಜಾರು ಕಡಿದು ಮಟ್ಟ ಮಾಡುವುದು ನನಗಂತೂ ಒಪ್ಪಿಗೆ ಇಲ್ಲ.

ಈಗ ಬೇಕಿರುವುದು ಐನ್‌ಮನೆಯ ಕೈಯಾಲೆ, ಅಂದರೆ ಮುಂದಿನ ಜಗಲಿಯ ಅಳತೆ. ಅಲ್ಲಿ ಕಂಬಗಳ ನಡುವೆ ಕೂರಲು ಹಾಕಿರುವ ಮರದ ಹಲಗೆ, ಐಮರದ ಮೇಲೆ ಕೂತರೆ ಮಳೆ ಪೂರ್ತಿ ಕಾಣುತ್ತದೆ, ಎರಚಲು ಮಾತ್ರ ಮೈಗೆ ತಾಗುವುದಿಲ್ಲ, ಅಲ್ವಾ? ಐಮರದ ಎತ್ತರ, ಅಗಲ, ಸೂರು ಎಷ್ಟು ಮುಂದೆ ಬಂದಿದೆ, ಇಷ್ಟು ಸಾಕು. ಕೆತ್ತಿದ ಕಂಬ ತಂದು ಹೋಂಸ್ಟೇಗೆ ಅಂಟಿಸುವ ಯೋಚನೆ ಇಲ್ಲ, ಅದು ಸುಮ್ನೆ ಶೋಕಿ.

ಇನ್ನೊಂದು, ನಡುಮನೆಗೆ ಬೆಳಕು ಬರಲಿ ಅಂತ ಗಾಜಿನ ಹೆಂಚು ಹಾಕಿಸಿದವರಿದ್ದರೆ ಹೇಳಿ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದಾ? ಸೋರುತ್ತದಾ? ಹಳೇ ಮನೆ ರಿಪೇರಿ ಮಾಡಿದ ಆಚಾರಿಗಳು ಗೊತ್ತಿದ್ದರೂ ತಿಳಿಸಿ.

ಮನೆಯವರು ಹೇಳಿದ ದಿನ ಬರುತ್ತೇನೆ. ಹಿರಿಯರನ್ನು ಪೂಜಿಸುವ ಕೋಣೆ ಕನ್ನಿಕೋಂಬರೆ ಕಡೆ ಹೋಗುವುದಿಲ್ಲ, ಕೇಳದೆ ಫೋಟೋನೂ ತೆಗೆಯುವುದಿಲ್ಲ. ಬಿಡುವವರು ದಯವಿಟ್ಟು ಮೆಸೇಜ್ ಮಾಡಿ.