ಕೊನೆಯ 51 ಮೈಲಿಯ ಜಗಳ: ಗೂಡ್ಸ್ ದರಕ್ಕೆ ಯುದ್ಧದ ಮಾತು ಯಾಕೆ ಬಂತು?

ಪ್ರಶ್ನೆ: ಸರ್, ನಮಸ್ಕಾರ. ಇತಿಹಾಸದಲ್ಲಿ ಎಂ.ಎ. ಓದ್ತಿದ್ದೀನಿ. ದಕ್ಷಿಣ ಆಫ್ರಿಕಾದ ಪಾಠದಲ್ಲಿ 1895ರ 'ಡ್ರಿಫ್ಟ್ಸ್ ಬಿಕ್ಕಟ್ಟು' ಬಗ್ಗೆ ಎರಡೇ ಸಾಲು ಇದೆ. ರೈಲ್ವೆ ದರದ ಜಗಳಕ್ಕೆ ಬ್ರಿಟನ್ ಯುದ್ಧದ ಬೆದರಿಕೆ ಹಾಕಿತಂತೆ. ಬಾಡಿಗೆ ಜಾಸ್ತಿ ಮಾಡಿದ್ದಕ್ಕೆ ಯುದ್ಧವೇ? ನೀವು ರೈಲ್ವೆ ಗೂಡ್ಸ್‌ನಲ್ಲಿ ಕೆಲಸ ಮಾಡಿದವರು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ಬ್ರಿಟನ್ ಗುಟುರು ಹಾಕಿದ್ದು ದರಕ್ಕಲ್ಲ ಕಣಮ್ಮ, ಆಮೇಲೆ ಆದದ್ದಕ್ಕೆ. ಮೊದಲಿಂದ ಹೇಳ್ತೀನಿ.

ಟ್ರಾನ್ಸ್‌ವಾಲ್ ಅಂದರೆ ಡಚ್ ಮೂಲದ ಬೋಅರ್ ಜನರ ಗಣರಾಜ್ಯ, ಅದಕ್ಕೆ ಸಮುದ್ರ ಇಲ್ಲ. 1886ರಲ್ಲಿ ಅಲ್ಲಿ ಚಿನ್ನ ಸಿಕ್ಕಮೇಲೆ ಗಣಿ ಯಂತ್ರದಿಂದ ಹಿಡಿದು ಬಟ್ಟೆಬರೆವರೆಗೆ ಎಲ್ಲ ಹಡಗಿನಲ್ಲಿ ಬಂದು, ಯಾರದೋ ಬಂದರಿನಲ್ಲಿ ಇಳಿದು ಜೋಹಾನ್ಸ್‌ಬರ್ಗ್ ಸೇರಬೇಕಿತ್ತು. ಬ್ರಿಟಿಷರ ವಸಾಹತು ಕೇಪ್, ಬ್ರಿಟಿಷರದೇ ನಟಾಲ್, ಪೋರ್ಚುಗೀಸರ ಡೆಲಗೋವ ಕೊಲ್ಲಿ, ಅಂದರೆ ಇಂದಿನ ಮಪುಟೊ: ಮೂವರಿಗೂ ಈ ಸರಕಿನ ಮೇಲೆ ಕಣ್ಣು. ಡೆಲಗೋವ ಎಲ್ಲಕ್ಕಿಂತ ಹತ್ತಿರ, ಬ್ರಿಟಿಷರ ಹಂಗೂ ಇಲ್ಲ. ಟ್ರಾನ್ಸ್‌ವಾಲ್ ಅಧ್ಯಕ್ಷ ಕ್ರೂಗರ್ ಮನಸ್ಸಿದ್ದದ್ದು ಅಲ್ಲೇ. ಆದರೆ 1892ರಲ್ಲಿ ಜೋಹಾನ್ಸ್‌ಬರ್ಗ್‌ಗೆ ಮೊದಲು ರೈಲು ಮುಟ್ಟಿಸಿದ್ದು ಕೇಪ್.

ಇಲ್ಲೊಂದು ಗಂಟಿದೆ. ವಾಲ್ ನದಿಯವರೆಗೆ ಕೇಪ್‌ನವರ ಕೈ. ನದಿಯಿಂದ ಜೋಹಾನ್ಸ್‌ಬರ್ಗ್‌ವರೆಗಿನ ಸುಮಾರು 51 ಮೈಲಿ ಮಾತ್ರ ಕ್ರೂಗರ್ ಸರ್ಕಾರ ಪರವಾನಗಿ ಕೊಟ್ಟಿದ್ದ ಡಚ್ ಕಂಪನಿಯದ್ದು. ಆ ತುಂಡು ಹಾಕೋಕೆ ಕೇಪ್ ಸರ್ಕಾರವೇ ದುಡ್ಡು ಕೊಟ್ಟು, 1894ರ ಕೊನೆವರೆಗೆ ದರ ಗೊತ್ತುಮಾಡುವ ಹಕ್ಕು ಇಟ್ಟುಕೊಂಡಿತ್ತು. ಅಷ್ಟರಲ್ಲಿ ಡೆಲಗೋವ ಲೈನೂ ತಯಾರಾಯ್ತು. ಸರಕು ಹಂಚಿಕೊಳ್ಳೋ ಮಾತುಕತೆ ಮುರಿದುಬಿತ್ತು. ಗಿರಾಕಿ ಕೈತಪ್ಪಬಾರದು ಅಂತ ಕೇಪ್ ತನ್ನ ಕಡೆ ದರ ಇಳಿಸಿತು. ಕಂಪನಿ ತನ್ನ 51 ಮೈಲಿಯಲ್ಲಿ ಟನ್-ಮೈಲಿಗೆ, ಅಂದರೆ ಒಂದು ಟನ್ ಸರಕನ್ನು ಒಂದು ಮೈಲಿ ಸಾಗಿಸೋಕೆ, ಸುಮಾರು 2.4 ಪೆನ್ಸ್ ಇದ್ದದ್ದನ್ನು 8ರ ಹತ್ತಿರಕ್ಕೆ ಏರಿಸಿತು.

ಲೆಕ್ಕ ಹಾಕಿ ನೋಡಿ (12 ಪೆನ್ಸ್‌ಗೆ ಒಂದು ಶಿಲಿಂಗ್): ಒಂದು ಟನ್‌ಗೆ ಆ ತುಂಡಿನಲ್ಲಿ 10 ಶಿಲಿಂಗ್ ಆಗ್ತಿದ್ದದ್ದು 34 ಶಿಲಿಂಗ್ ಹತ್ತಿರ ಹೋಯ್ತು. ಎರಡು ರೈಲ್ವೆ ಸೇರಿ ಸಾಗಿಸುವಾಗ ಸರಕು ಕಳಿಸುವ ಪಾರ್ಟಿ ನೋಡೋದು ಒಟ್ಟು ಮೊತ್ತವನ್ನಷ್ಟೇ. ಹಿಂದಿನ ನೂರಾರು ಮೈಲಿಯಲ್ಲಿ ಕೇಪ್ ಬಿಟ್ಟದ್ದನ್ನೆಲ್ಲ ಈ ತುಂಡು ನುಂಗಿಹಾಕ್ತು.

ವರ್ತಕರೇನು ಕಮ್ಮಿಯೇ? ನದಿಯ ಈಚೆಗೇ ವ್ಯಾಗನ್ ಖಾಲಿ ಮಾಡಿಸಿ, ಸರಕನ್ನು ಎತ್ತಿನ ಬಂಡಿಗೆ ಏರಿಸಿ ಹೊಳೆ ದಾಟಿಸಿದರು. ಹೊಳೆ ಹಾಯುವ ಜಾಗಕ್ಕೆ ಅಲ್ಲಿನ ಮಾತಲ್ಲಿ 'ಡ್ರಿಫ್ಟ್'. ರೈಲು ಬಂದ ಊರಿಗೆ ಮತ್ತೆ ಎತ್ತಿನ ಬಂಡಿ! ಆಗ ಕ್ರೂಗರ್ 1895ರ ಅಕ್ಟೋಬರ್ 1ರಿಂದ ಆ ಡ್ರಿಫ್ಟ್‌ಗಳನ್ನೇ ಮುಚ್ಚಿಸಿದರು.

ಪ್ರಶ್ನೆ (ಇನ್ನೊಬ್ಬರು): ಅವರ ದೇಶ, ಅವರ ಹೊಳೆ, ಮುಚ್ಚಿದರು. ಬ್ರಿಟನ್‌ಗೇನು ಸಾರ್?

ಉತ್ತರ: ಕ್ರೂಗರ್ ಎಡವಿದ್ದು ಅಲ್ಲೇ. ದರ ಏರಿಸಿದಾಗ ಅದು ವ್ಯಾಪಾರದ ಜಗಳ. ಯಾರೂ ಒಪ್ಪಂದ ತೋರಿಸಿ ಕೇಳುವ ಹಾಗಿರಲಿಲ್ಲ. ಆದರೆ ಡ್ರಿಫ್ಟ್ ಮುಚ್ಚಿದ್ದು ಸಮುದ್ರದಾಚೆಯಿಂದ ಬಂದ ಸರಕಿಗೆ ಮಾತ್ರ. ಕೇಪ್‌ನಲ್ಲೇ ಬೆಳೆದದ್ದಕ್ಕೆ ಅಡ್ಡಿಯಿರಲಿಲ್ಲ. ಕೇಪ್ ರೈತರನ್ನು ಎದುರು ಹಾಕಿಕೊಳ್ಳಬಾರದು ಅನ್ನೋ ಜಾಣತನ. ಬ್ರಿಟನ್, ಟ್ರಾನ್ಸ್‌ವಾಲ್ ಮಾಡಿಕೊಂಡಿದ್ದ 1884ರ ಲಂಡನ್ ಒಪ್ಪಂದದ 13ನೇ ಕಲಮಿನಲ್ಲಿ ಬ್ರಿಟಿಷ್ ಪ್ರದೇಶದ ಸರಕಿಗೆ ಭೇದ ಮಾಡಬಾರದು ಅಂತಿತ್ತು. ಬ್ರಿಟನ್ನಿನ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಅದನ್ನೇ ಹಿಡಿದರು. ಅದಕ್ಕೂ ಮೊದಲು ಕೇಪ್ ಸರ್ಕಾರದಿಂದ ಕರಾರು ಬರೆಸಿಕೊಂಡರು: ಯುದ್ಧವಾದರೆ ಖರ್ಚಿನಲ್ಲಿ ಅರ್ಧ ನಿಮ್ಮದು, ಸೈನ್ಯ ಸಾಗಿಸಲು ನಿಮ್ಮ ರೈಲು. (ಕೇಪ್ ಪ್ರಧಾನಿ ಆಗ ಸೆಸಿಲ್ ರೋಡ್ಸ್, ಹಾಗಾಗಿ ಒಪ್ಪಿಸಲು ಕಷ್ಟಪಡಬೇಕಿರಲಿಲ್ಲ.) ನವೆಂಬರ್ ಮೊದಲ ವಾರ ಎಚ್ಚರಿಕೆ ಹೋಯ್ತು, ಕ್ರೂಗರ್ ಡ್ರಿಫ್ಟ್ ತೆರೆದರು. ಡಿಸೆಂಬರ್ ಕೊನೆಗೆ ರೋಡ್ಸ್ ಕಡೆಯ ಜೇಮ್ಸನ್ ದಂಡು ಕಟ್ಟಿಕೊಂಡು ಟ್ರಾನ್ಸ್‌ವಾಲ್‌ಗೇ ನುಗ್ಗಿದ.

ಪ್ರಶ್ನೆ: ಗಾಂಧೀಜಿ ಪ್ರಿಟೋರಿಯಾಗೆ ಹೋಗುವಾಗ ನಡುವೆ ಕುದುರೆ ಗಾಡಿ ಹತ್ತಿದ್ದು ಇದೇ ಗಲಾಟೆಗಾ?

ಉತ್ತರ: ಇಲ್ಲ, ಅದು 1893. ಡರ್ಬನ್ ಕಡೆಯ ರೈಲು ಆಗ ಗಡಿಯ ಚಾರ್ಲ್ಸ್‌ಟೌನ್‌ಗೇ ನಿಲ್ಲುತ್ತಿತ್ತು. ಮುಂದೆ ಜೋಹಾನ್ಸ್‌ಬರ್ಗ್‌ವರೆಗೆ ಗಾಡಿಯೇ ಗತಿ.

ಪ್ರಶ್ನೆ: ಬೋಅರ್ ಯುದ್ಧ ಗೆದ್ದಮೇಲೆ ಎಲ್ಲ ಬ್ರಿಟಿಷರದ್ದೇ ಅಲ್ವಾ, ದರದ ಜಗಳ ಮುಗೀತಾ?

ಉತ್ತರ: ಮುಗಿದಿದ್ರೆ ಚೆನ್ನಾಗಿತ್ತು. ಬ್ರಿಟಿಷರು ಗೆದ್ದರೂ ಸರಕು ಪೋರ್ಚುಗೀಸರ ಬಂದರಿಗೇ ಹೋಯ್ತು, ಯಾಕಂದ್ರೆ ಚಿನ್ನದ ಗಣಿಗೆ ಇಳಿಯುವ ಕೂಲಿಗಳು ಮೊಜಾಂಬಿಕ್‌ನಿಂದ ಬರಬೇಕಿತ್ತು. ಯುದ್ಧ ಪೂರ್ತಿ ಮುಗಿಯೋ ಮೊದಲೇ, 1901ರಲ್ಲಿ ಬ್ರಿಟಿಷ್ ಹೈಕಮಿಷನರ್ ಮಿಲ್ನರ್ ಪೋರ್ಚುಗೀಸರ ಜೊತೆ ಮಾಡಿಕೊಂಡ ಏರ್ಪಾಡು ಇಷ್ಟೇ: ನೀವು ಆಳು ಕೊಡಿ, ನಿಮ್ಮ ಬಂದರಿಗೆ ಹಿಂದಿನ ರಿಯಾಯಿತಿ ದರವೇ ಇರಲಿ. ಕೇಪ್, ನಟಾಲ್ ಎರಡೂ ಕೂಗಾಡಿದವು. 1909ರ ಒಪ್ಪಂದದಲ್ಲಿ ಅದು ಇನ್ನೂ ಬಿಗಿಯಾಯ್ತು. ಜೋಹಾನ್ಸ್‌ಬರ್ಗ್ ಸುತ್ತಿನ ಪೈಪೋಟಿ ಪ್ರದೇಶಕ್ಕೆ ಸಮುದ್ರದಿಂದ ಬರುವ ಸರಕಿನಲ್ಲಿ 50ರಿಂದ 55 ಪರ್ಸೆಂಟ್ ಡೆಲಗೋವಕ್ಕೆ ಮೀಸಲು. ರೇಟ್ ಸರ್ಕ್ಯುಲರ್‌ಗಳ ನಡುವೆಯೇ ನನ್ನ ಸರ್ವೀಸ್ ಕಳೆದದ್ದು. ಆದರೆ ದರದ ಇನ್ನೊಂದು ತಟ್ಟೆಯಲ್ಲಿ ಮನುಷ್ಯರನ್ನಿಟ್ಟು ತೂಗಿದ್ದನ್ನು ಇಲ್ಲೇ ನೋಡಿದ್ದು.